ಹಸಿರು ಹಾಳೆಯಲ್ಲಿ ತಮ್ಮನ ಹೆಸರು

ನಮ್ಮ ಕಾರ್ಖಾನೆಯ ಪಿಎಫ್ ಹಣ ಸರ್ಕಾರದ ಕಚೇರಿಗೆ ಹೋಗುತ್ತಿರಲಿಲ್ಲ. ಕಂಪನಿಯದೇ ಒಂದು ಟ್ರಸ್ಟ್ ಇತ್ತು. ಮ್ಯಾನೇಜ್‌ಮೆಂಟಿನ ಮೂವರು, ಕಾರ್ಮಿಕರ ಮೂವರು, ಹೀಗೆ ಆರು ಜನ ಟ್ರಸ್ಟಿಗಳು ಮೂರು ತಿಂಗಳಿಗೊಮ್ಮೆ ಕೂತು ಆ ಹಣವನ್ನು ಯಾವ ಬಾಂಡಿಗೆ ಹಾಕಬೇಕೆಂದು ತೀರ್ಮಾನಿಸುತ್ತಿದ್ದರು. ಕಾರ್ಮಿಕರ ಮೂವರಲ್ಲಿ ನಾನೊಬ್ಬ. ಮುಂಬಯಿ ಪಕ್ಕದ ಠಾಣೆ ಊರಿನ ವಾಗ್ಳೆ ಎಸ್ಟೇಟಿನ ಆ ಕಾರ್ಖಾನೆಯಲ್ಲಿ ನಾನು ಪ್ರೆಸ್ ಮಷೀನಿನ ಮೇಲೆ ಇದ್ದೆ. ಓದಿದ್ದು ಏಳನೆಯ ತರಗತಿಯವರೆಗೆ. ಬಿಜಾಪುರ, ಗುಲ್ಬರ್ಗಾ ಕಡೆಯವರೆಲ್ಲ ಒಂದಾಗಿ ವೋಟು ಹಾಕಿ ನನ್ನನ್ನು ಗೆಲ್ಲಿಸಿದ್ದರು. ಆ ಮೀಟಿಂಗುಗಳಲ್ಲಿ ನಾನು ಗಟ್ಟಿಯಾಗಿ ಮಾತಾಡಿದ್ದು ಒಂದೇ ಸಲ. ಅದರಿಂದ ಹಾಳಾದವನು ನನ್ನ ತಮ್ಮ. ಇಷ್ಟು ವರ್ಷ ಅದನ್ನು ಯಾರ ಮುಂದೆಯೂ ನಡೆದ ಹಾಗೆ ಹೇಳಿಲ್ಲ.

ಮೀಟಿಂಗು ಆಫೀಸಿನ ಎರಡನೆಯ ಮಹಡಿಯಲ್ಲಿ. ನಾವು ಮೂವರು ಸೋಪಿನಲ್ಲಿ ಎರಡು ಸಲ ಕೈ ತೊಳೆದು ಹೋಗುತ್ತಿದ್ದೆವು, ಆದರೂ ಆ ತಣ್ಣನೆಯ ಕೋಣೆಯಲ್ಲಿ ನಮ್ಮಿಂದ ಎಣ್ಣೆಯ ವಾಸನೆ ಹೋಗುತ್ತಿರಲಿಲ್ಲ. ಕಾಗದವೆಲ್ಲ ಇಂಗ್ಲಿಷಿನಲ್ಲಿ. ಎಲ್ಲಿ ಸಹಿ ಮಾಡಬೇಕೋ ಅಲ್ಲಿ ಪೆನ್ಸಿಲಿನಿಂದ ಒಂದು ಗೀಟು ಎಳೆದಿರುತ್ತಿತ್ತು. ಮೊದಲು ನಮ್ಮ ಹಿರಿಯ ಫಿಟ್ಟರ್ ಮಾಡುತ್ತಿದ್ದ, ಅವನ ಹಿಂದೆ ನಾವಿಬ್ಬರು. ಅವನೂ ಓದುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಮೊದಲಿನ ಹಾಗೆ ಯಾರೂ ನನ್ನ ಪಕ್ಕ ಕೂರುತ್ತಿರಲಿಲ್ಲ. ಮೇಲೆ ಹೋಗಿ ಬಿಸ್ಕೀಟು ತಿಂದು ಬರುವವನು ಅರ್ಧ ಸಾಹೇಬ ಎಂದು ಅವರ ಲೆಕ್ಕ. ಮೇಲಿನವರಿಗೆ ನಾನು ಒಂದು ಸಹಿ, ಅಷ್ಟೇ.

ಕಂಪನಿಯ ಹಣಕಾಸಿನ ಅಧಿಕಾರಿ ಮೈಸೂರಿನವರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ನಾನು ಕನ್ನಡದವನೆಂದು ತಿಳಿದ ಮೇಲೆ ಮೀಟಿಂಗಿಗೆ ಮುಂಚೆ ಕಿಟಕಿಯ ಹತ್ತಿರ ನಿಲ್ಲಿಸಿಕೊಂಡು ಅಂದಿನ ವಿಷಯವನ್ನು ಬಿಡಿಸಿ ಹೇಳುತ್ತಿದ್ದರು. ಅದು ಅರಬ್ ದೇಶಗಳಲ್ಲಿ ಗಲಾಟೆ ಎದ್ದ ವರ್ಷ. ಕಚ್ಚಾ ತೈಲದ ಬೆಲೆ ಏರಿತ್ತು. ರೂಮಿನ ಬಾಡಿಗೆ, ಹಾಲು, ಈರುಳ್ಳಿ ಎಲ್ಲ ಏರಿತ್ತು. ಬೆಲೆ ತಡೆಯಲು ರಿಸರ್ವ್ ಬ್ಯಾಂಕು ಮತ್ತೆ ಮತ್ತೆ ಬಡ್ಡಿ ಏರಿಸುತ್ತಿತ್ತು.

"ಬಡ್ಡಿ ಏರಿದ್ರ ನಮಗ ಚಲೋನ ಅಲ್ರಿ ಸರ್?" ಎಂದು ಕೇಳಿದೆ.

"ಹೊಸ ಬಾಂಡಿಗೆ ಒಳ್ಳೇದು ಕಣ್ರೀ. ನಮ್ಮ ಪೆಟ್ಟಿಗೇಲಿ ಇರೋದು ಹಳೇವು. ನೂರಕ್ಕೆ ಎಂಟು ರೂಪಾಯಿ ಬಡ್ಡಿ ಕೊಡೋ ಬಾಂಡು ನಿಮ್ಮ ಹತ್ರ ಇದೆ ಅಂದ್ಕೊಳ್ಳಿ. ಈಗ ಪೇಟೇಲಿ ಒಂಬತ್ತು ಕೊಡೋದು ಸಿಗ್ತಿದೆ. ನಿಮ್ಮದನ್ನ ಅದೇ ಬೆಲೆಗೆ ಯಾರು ಕೊಳ್ತಾರೆ ಹೇಳಿ?"

ಯಾರೂ ಕೊಳ್ಳುವುದಿಲ್ಲ ಎಂದು ನನಗೂ ತಿಳಿಯಿತು. ಇನ್ನೊಂದು ಕಟ್ಟುಪಾಡೂ ಇತ್ತು. ಸರ್ಕಾರ ಆ ವರ್ಷಕ್ಕೆ ಸಾರಿದ ಪಿಎಫ್ ಬಡ್ಡಿಗಿಂತ ಕಡಿಮೆಯನ್ನು ನಮ್ಮ ಟ್ರಸ್ಟ್ ಕೊಡುವಂತಿರಲಿಲ್ಲ. ಕಡಿಮೆ ಬಿದ್ದರೆ ಕಂಪನಿ ತನ್ನ ಕೈಯಿಂದ ತುಂಬಿಕೊಡಬೇಕು. ಆದ್ದರಿಂದ ಮ್ಯಾನೇಜ್‌ಮೆಂಟಿಗೆ ಹೆಚ್ಚು ಬಡ್ಡಿಯ ಬಾಂಡು ಬೇಕಾಗಿತ್ತು. ಹೆಚ್ಚಿನ ಹಣ ಸರ್ಕಾರದ ಸಾಲಪತ್ರಗಳಿಗೇ ಹೋಗಬೇಕೆಂಬ ನಿಯಮವಿದ್ದರೂ ಒಂದು ಸಣ್ಣ ಪಾಲನ್ನು ಖಾಸಗಿ ಕಂಪನಿಗಳ ಬಾಂಡಿಗೆ ಹಾಕಬಹುದಿತ್ತು. ಆ ಕಂಪನಿಗೆ, ಸಾಲ ತೀರಿಸುವ ಯೋಗ್ಯತೆ ಅಳೆಯುವ ಎರಡು ರೇಟಿಂಗ್ ಸಂಸ್ಥೆಗಳು ಒಳ್ಳೆಯ ಅಂಕ ಕೊಟ್ಟಿರಬೇಕು.

ಇದರ ಜೊತೆಗೆ ಆ ವರ್ಷ ಹಸಿರು ಹಾಳೆ ಬಂತು. ನಮ್ಮ ಕಂಪನಿಯ ಮೂಲ ಮಾಲೀಕರು ಯುರೋಪಿನವರು. ಖಾಸಗಿ ಬಾಂಡು ಕೊಳ್ಳುವ ಮೊದಲು ಆ ಕಂಪನಿ ನೀರು, ಗಾಳಿ, ಕೆಲಸಗಾರರ ವಿಷಯದಲ್ಲಿ ಹೇಗಿದೆ ಎಂಬುದನ್ನು ಒಂದು ಹಾಳೆಯಲ್ಲಿ ತುಂಬಿ ಕಳಿಸಬೇಕೆಂದು ಅವರು ಆಜ್ಞೆ ಮಾಡಿದ್ದರು. ಮೂರು ಕಲಂ: ಏನು ವಿಷಯ, ಟ್ರಸ್ಟಿಗಳು ಕಂಡದ್ದು ಏನು, ಮಾಹಿತಿ ಎಲ್ಲಿಂದ ಬಂತು. ಮೂರನೆಯ ಕಲಂ ಖಾಲಿ ಬಿಡುವಂತಿರಲಿಲ್ಲ. ಮೊದಲ ಎರಡು ಮೀಟಿಂಗಿನಲ್ಲಿ ರೇಟಿಂಗ್ ವರದಿಯಿಂದಲೇ ಎಲ್ಲವನ್ನೂ ಎತ್ತಿ ಬರೆದರು, ನಾವು ಸಹಿ ಹಾಕಿದೆವು.

ನನ್ನ ಹೆಂಡತಿ ಮಕ್ಕಳು ಊರಲ್ಲಿದ್ದರು. ಠಾಣೆಯಲ್ಲಿ ನಾನು ಇನ್ನೂ ನಾಲ್ವರ ಜೊತೆ ಒಂದು ರೂಮಿನಲ್ಲಿದ್ದೆ. ಭಾನುವಾರಕ್ಕೊಂದು ಮನೆ ಎಂದರೆ ಡೊಂಬಿವಲಿಯಲ್ಲಿ ತಮ್ಮನದು. ಅವನನ್ನು ಈ ಕಡೆ ಕರೆತಂದವನು ನಾನೇ. ಅವನು ಕೆಮಿಕಲ್ ಕಾರ್ಖಾನೆಗಳ ಕೊಳಕು ನೀರು ಸಾಗಿಸುವ ಟ್ಯಾಂಕರಿನ ಡ್ರೈವರ್. ಟ್ಯಾಂಕರಿನ ಗುತ್ತಿಗೆದಾರ ತುರ್ಭೆಯವನು. ಡೊಂಬಿವಲಿಯಲ್ಲಿ ತುಂಬಿಕೊಂಡು ತಳೋಜಾದಲ್ಲಿ ನೀರು ಶುದ್ಧ ಮಾಡುವ ಕಡೆ ಖಾಲಿ ಮಾಡಿ ಬರುವುದು ಅವನ ಕೆಲಸ.

ಜುಲೈ ತಿಂಗಳ ಒಂದು ಭಾನುವಾರ ಹೋದಾಗ ಅವನು ಚಮಚದಲ್ಲಿ ಉಣ್ಣುತ್ತಿದ್ದ.

"ಏನಪಾ, ಸಾಹೇಬ ಆದೇನು? ಚಮಚೆ ಹಿಡದೀ?"

"ನೀ ಎ.ಸಿ.ಯಾಗ ಕುಂತು ಬಿಸ್ಕೀಟ ತಿಂತಿ. ನಾ ಚಮಚೇಲೆ ಉಂಡ್ರ ನಿಂಗೇನ ತ್ರಾಸ?"

ಅವನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೇಳಿದಳು: "ಚ್ಯಾಷ್ಟಿ ಅಲ್ರಿ ಭಾವಾರ. ಅವರ ಕೈ ನೋಡ್ರಿ."

ಅಂಗೈಯ ಚರ್ಮ ಸುಲಿದು ಕೆಂಪಗಾಗಿತ್ತು. ಬಿಸಿ ಸಾರು ತಾಗಿದರೆ ಉರಿಯುತ್ತಿತ್ತು. ಏನೆಂದು ಕೇಳಿದೆ. ಮೊದಲು ನಕ್ಕ. ಆಮೇಲೆ ಹೇಳಿದ.

"ಮಳಿ ಜೋರ್ ಹತ್ತಿತಂದ್ರ ನಮ್ಮ ಟ್ಯಾಂಕರ್ ಸೇಠನ ಫೋನ್ ಬರ್ತದ. ತಳೋಜಾಕ್ಕ ಹೋಗಬ್ಯಾಡ, ಹಾದ್ಯಾಗ ಖಾಲಿ ಮಾಡು ಅಂತಾನ. ಅಲ್ಲಿ ಒಯ್ದ್ರ ರೊಕ್ಕ ಕಟ್ಟಬೇಕಲ್ಲ? ಶಿಳಫಾಟಾದ ಈಚೀಕ ಒಂದ ನಾಲಾ ಅದ. ಬಾಜೂಕ ನಿಂದ್ರಸಿ ಟ್ಯಾಂಕಿನ ವಾಲ್ ತಿರುವೂದು. ಮಳಿ ನೀರಾಗ ಯಾರಿಗಿ ಗೊತ್ತಾಗ್ತದ? ವಾಲ್ ಸೋರ್ತದ, ಅದಕ್ಕ ಕೈ ಹಿಂಗ ಆಗ್ಯಾವ."

"ಕಂಪನಿಯವ್ರಿಗಿ ಗೊತ್ತಿಲ್ಲೇನು?"

"ಗೊತ್ತಿಲ್ಲದ ಇರ್ತದೇನು? ಗೇಟಿನ ಮುಂದ ಅವರ ಮನಷ್ಯಾನ ಕೇಳ್ತಾನ, ಇವತ್ತ ಮಳಿ ಹೆಂಗ ಅದ ಅಂತ."

ಕಂಪನಿಯ ಹೆಸರು ಹೇಳಿದ. ನಾನು ನೆನಪಿಟ್ಟುಕೊಂಡೆ. ಅವನು ತಟ್ಟೆ ಪಕ್ಕಕ್ಕಿಟ್ಟು ಮಾತು ಮುಂದುವರಿಸಿದ.

"ಇನ್ನ ನಾಕ ತಿಂಗಳ ಅಷ್ಟ ಅಣ್ಣಾ. ಘೋಡಬಂದರ್ ರಸ್ತೇದಾಗ ಒಂದ ಸಾಲಿ ಬಸ್ಸಿಗಿ ಡ್ರೈವರ್ ಅಂತ ತಗೋತೀವಿ ಅಂದಾರ. ಪೊಲೀಸ್ ಸರ್ಟಿಫಿಕೇಟ ಬೇಕಂತ. ಅಲ್ಲೀತನ ಯಾರ ಮುಂದೂ ಬಾಯಿ ಬಿಡಬ್ಯಾಡ."

"ನಾ ಯಾಕ ಬಿಡ್ಲೋ?" ಎಂದೆ.

ಮುಂದಿನ ಮೀಟಿಂಗಿನಲ್ಲಿ ಬ್ರೋಕರ್ ತಂದ ಪಟ್ಟಿಯಲ್ಲಿ ಖಾಸಗಿ ಬಾಂಡು ಒಂದೇ ಇತ್ತು. ಅಧಿಕಾರಿ ಹೆಸರು ಓದಿದರು. ತಮ್ಮ ಹೇಳಿದ ಅದೇ ಡೊಂಬಿವಲಿಯ ಕಂಪನಿ. ತೈಲದ ಬೆಲೆ ಏರಿ ಅವರ ಕಚ್ಚಾ ಸಾಮಾನು ದುಬಾರಿಯಾಗಿತ್ತು, ಸಾಲ ಬೇಕಾಗಿತ್ತು, ಅದಕ್ಕೇ ಬಡ್ಡಿ ಹೆಚ್ಚು ಕೊಡುತ್ತಿದ್ದರು. ರೇಟಿಂಗ್ ಎರಡೂ ಸರಿಯಾಗಿದ್ದವು. ಹಸಿರು ಹಾಳೆಯಲ್ಲಿ ನೀರಿನ ಸಾಲಿನ ಮುಂದೆ 'ತೊಂದರೆ ಇಲ್ಲ' ಎಂದು ಬರೆಯುವುದೊಂದೇ ಬಾಕಿ.

"ತೊಂದರೆ ಅದ ರೀ" ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಅವರ ನೀರು ನಾಲೆಗೆ ಹೋಗುತ್ತದೆ, ಮಳೆ ಬಂದಾಗ ದಾರಿಯಲ್ಲಿ ಚೆಲ್ಲುತ್ತಾರೆ ಎಂದು ನನ್ನ ಮುರುಕು ಹಿಂದಿಯಲ್ಲಿ ಹೇಳಿದೆ. ಮ್ಯಾನೇಜ್‌ಮೆಂಟಿನ ಕಡೆಯ ಟ್ರಸ್ಟಿ, ಪರ್ಸನಲ್ ಮ್ಯಾನೇಜರ್ ನಕ್ಕರು. "ಅರೇ ಭಾವು, ಹೀ ಟಪರೀವರ್ಚೀ ಗೋಷ್ಟ. ಇಥೇ ರಿಪೋರ್ಟ್ ಆಹೇ." ಇದು ಚಹಾದಂಗಡಿಯ ಮಾತು, ಇಲ್ಲಿ ವರದಿ ಇದೆ ಎಂದು. ಬೇರೆಯವರೂ ನಕ್ಕರು. ನಮ್ಮ ಫಿಟ್ಟರ್ ಕೂಡ ನಕ್ಕ. ನನ್ನ ಕಿವಿ ಬಿಸಿಯಾದವು.

"ಟಪರೀ ಕೀ ಬಾತ್ ನಹೀ ಸಾಬ್. ಮೇರಾ ಸಗಾ ಭಾಯೀ ವೋ ಟ್ಯಾಂಕರ್ ಚಲಾತಾ ಹೈ."

ನನ್ನ ಒಡಹುಟ್ಟಿದ ತಮ್ಮನೇ ಆ ಟ್ಯಾಂಕರ್ ಓಡಿಸುತ್ತಾನೆ ಎಂದೆ. ನಗು ನಿಂತಿತು. ಆಮೇಲೆ ಒಬ್ಬೊಬ್ಬರೇ ಕೇಳತೊಡಗಿದರು. ಎಲ್ಲಿ ನಿಲ್ಲಿಸುತ್ತಾರೆ, ಯಾರು ಫೋನ್ ಮಾಡುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ. ಎಲ್ಲದಕ್ಕೂ ನನ್ನ ಹತ್ತಿರ ಉತ್ತರವಿತ್ತು. ವಾಲ್ ಹೇಗೆ ತಿರುಗಿಸುತ್ತಾರೆಂದು ಕೈಯಲ್ಲಿ ಮಾಡಿಯೂ ತೋರಿಸಿದೆ. ಯಾವ ರೇಟಿಂಗ್ ಸಂಸ್ಥೆಗೂ ಗೊತ್ತಿಲ್ಲದ್ದು ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಪರ್ಸನಲ್ ಮ್ಯಾನೇಜರು ತಾವೇ ಎದ್ದು ಬಿಸ್ಕೀಟಿನ ತಟ್ಟೆಯನ್ನು ನನ್ನ ಕಡೆ ಸರಿಸಿದರು.

ಬಾಂಡು ಬೇಡವೆಂದು ತೀರ್ಮಾನವಾಯಿತು. ಹಣಕಾಸಿನ ಅಧಿಕಾರಿ ಹಸಿರು ಹಾಳೆ ತುಂಬುತ್ತ ಮೂರನೆಯ ಕಲಮಿಗೆ ಬಂದು ಪೆನ್ನು ನಿಲ್ಲಿಸಿದರು. ಬೇರೆಯವರಿಗೆ ತಿಳಿಯದಂತೆ ಕನ್ನಡದಲ್ಲಿ ಕೇಳಿದರು.

"ಸ್ಥಳೀಯ ಮಾಹಿತಿ ಅಂತಷ್ಟೇ ಬರೀಲಾ, ಇಲ್ಲ ತಮ್ಮನ ಹೆಸರು ಹಾಕ್ಲಾ? ಯೋಚನೆ ಮಾಡಿ ಹೇಳಿ. ಈ ಹಾಳೆ ನಮ್ಮಲ್ಲೇ ಉಳಿಯಲ್ಲ."

ಆಗ ನನಗೆ ತಮ್ಮನ ಶಾಲೆ ಬಸ್ಸಿನ ಕೆಲಸ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಆದರೆ 'ಸ್ಥಳೀಯ ಮಾಹಿತಿ' ಎಂದರೆ ಮತ್ತೆ ಟಪರಿಯ ಮಾತೇ ಆಗುತ್ತದೆ ಎಂದೂ ಅನ್ನಿಸಿತು.

"ಹೆಸರ ಬರೀರಿ ಸರ್. ಖರೇ ಹೇಳಾಕ ಯಾಕ ಹೆದರಬೇಕು?"

ಖರೆ ಹೇಳಿದವನು ಅವನು. ಹೆದರಬೇಕಾದವನೂ ಅವನೇ. ಧೈರ್ಯ ಮಾತ್ರ ನನ್ನದು.

ಒಂದು ವಾರದ ಮೇಲೆ ಟೈಪಾದ ಕಾಗದಗಳನ್ನು ಗುಮಾಸ್ತ ಮಷೀನಿನ ಹತ್ತಿರವೇ ತಂದ. ಬೇರೆ ದಿನವಾದರೆ ಗೀಟು ಇದ್ದಲ್ಲಿ ಸಹಿ ಮಾಡಿ ಕೊಡುತ್ತಿದ್ದೆ. ಆ ದಿನ ಹಸಿರು ಹಾಳೆಯನ್ನು ಹುಡುಕಿ ತೆಗೆದೆ. ಮೂರನೆಯ ಕಲಮಿನಲ್ಲಿ ನನ್ನ ಹೆಸರಿತ್ತು, ಅದರ ಮುಂದೆ 'ಬ್ರದರ್' ಎಂದಿತ್ತು, ಆಮೇಲೆ ತಮ್ಮನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು. ಒಂದೊಂದೇ ಅಕ್ಷರ ಕೂಡಿಸಿ ಎರಡು ಸಲ ಓದಿದೆ. ಯುರೋಪಿಗೆ ಹೋಗುವ ಕಾಗದದಲ್ಲಿ ನಮ್ಮ ಅಪ್ಪನ ಹೆಸರು. ಆ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಸಣ್ಣ ಸಹಿ ಹಾಕಿದರೆ ಆಗುತ್ತಿತ್ತು. ಹಿಂದೆ ಒಮ್ಮೆ ಫಿಟ್ಟರ್ ಹಾಗೆ ಮಾಡಿದ್ದನ್ನು ನೋಡಿದ್ದೆ. ನಾನು ಬಟ್ಟೆ ಚೂರಿನಲ್ಲಿ ಕೈ ಒರೆಸಿಕೊಂಡೆ, ಹೆಸರಿನ ಮೇಲೆ ಎಣ್ಣೆಯ ಗುರುತು ಬೀಳಬಾರದೆಂದು. ಸಹಿ ಮಾಡಿದೆ.

ಬಾಂಡಿನಲ್ಲಿ ನಮಗಾಗಿ ಪಾಲು ಕಾದಿರಿಸಿದ್ದ ಬ್ರೋಕರ್, ನಾವು ಬೇಡವೆಂದದ್ದಕ್ಕೆ ಕಾರಣವನ್ನು ಬರಹದಲ್ಲಿ ಕೇಳಿದ. ನಿಯಮದ ಪ್ರಕಾರ ಹಸಿರು ಹಾಳೆಯ ಪ್ರತಿ ಅವನಿಗೆ ಹೋಯಿತು. ಅವನಿಂದ ಆ ಕಂಪನಿಗೆ ಹೋಯಿತು. ನಮ್ಮ ಹಣ ಒಂದು ಸರ್ಕಾರಿ ಕಂಪನಿಯ ಬಾಂಡಿಗೆ, ಕಡಿಮೆ ಬಡ್ಡಿಗೆ ಹೋಯಿತು.

ದೀಪಾವಳಿಗೆ ಮುಂಚಿನ ಮೀಟಿಂಗಿನಲ್ಲಿ ಯುರೋಪಿನಿಂದ ಬಂದ ಪತ್ರವನ್ನು ಓದಿದರು. ಬೇರೆ ದೇಶದ ಟ್ರಸ್ಟುಗಳಿಗೆ ನಮ್ಮ ಹಾಳೆಯನ್ನು ಮಾದರಿಯಾಗಿ ಕಳಿಸಿದ್ದಾರಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಪರ್ಸನಲ್ ಮ್ಯಾನೇಜರ್ "ಭಾವು, ತುಮ್ಹೀ ತರ ಹೀರೋ ಝಾಲಾತ", ನೀವಂತೂ ಹೀರೋ ಆಗಿಬಿಟ್ಟಿರಿ ಎಂದು ಬೆನ್ನು ತಟ್ಟಿದರು. ನಾನು ಕೆಳಗೆ ಬಂದು ಮೊಬೈಲ್ ನೋಡಿದೆ. ತಮ್ಮನ ಹೆಂಡತಿಯ ಏಳು ಕರೆ ಬಂದಿದ್ದವು.

"ಭಾವಾರ, ಪೊಲೀಸರು ಬಂದು ಕರಕೊಂಡ ಹ್ವಾದ್ರು ರೀ."

ದೂರು ಕೊಟ್ಟಿದ್ದು ಆ ಕೆಮಿಕಲ್ ಕಂಪನಿಯೇ. ತಮಗೆ ತಿಳಿಯದಂತೆ ಡ್ರೈವರ್ ತಾನೇ ನೀರು ಚೆಲ್ಲಿದ್ದಾನೆ, ತಳೋಜಾದಲ್ಲಿ ಕಟ್ಟಬೇಕಾದ ಹಣ ತಿಂದಿದ್ದಾನೆ, ಇದನ್ನು ಅವನೇ ತನ್ನ ಅಣ್ಣನ ಮುಂದೆ ಒಪ್ಪಿಕೊಂಡಿದ್ದಾನೆ ಎಂದು ಬರೆದು ಹಸಿರು ಹಾಳೆಯನ್ನು ಲಗತ್ತಿಸಿದ್ದರು. ಗುತ್ತಿಗೆದಾರ ತನಗೂ ಏನೂ ಗೊತ್ತಿಲ್ಲವೆಂದ. ಫೋನ್ ಮಾಡಿದವನ ಹೆಸರು ಎಲ್ಲಿಯೂ ಇರಲಿಲ್ಲ, ಗೇಟಿನಲ್ಲಿ ಮಳೆ ಕೇಳಿದವನ ಹೆಸರೂ ಇರಲಿಲ್ಲ. ನೀರು ಚೆಲ್ಲಿದವನೆಂದು ಕಾಗದದ ಮೇಲೆ ಇದ್ದ ಹೆಸರು ಒಂದೇ.

ಎರಡು ದಿನದ ಮೇಲೆ ಜಾಮೀನು ಸಿಕ್ಕಿತು. ನಾನು ಡೊಂಬಿವಲಿಗೆ ಹೋದೆ. ತಮ್ಮ ಗೋಡೆಗೆ ಒರಗಿ ಕೂತಿದ್ದ. ಕೂಗಾಡಲಿಲ್ಲ.

"ಆ ಹಾಳ್ಯಾಗ ನನ್ ಹೆಸರ ಹೆಂಗ ಬಂತು ಅಣ್ಣಾ?"

"ಅವರ ಬರಕೊಂಡಾರ. ಎಲ್ಲಾ ಇಂಗ್ಲಿಷಿನ್ಯಾಗ ಇತ್ತು. ನನಗೇನ ತಿಳೀತದ? ಸಹಿ ಮಾಡಂದ್ರು, ಮಾಡಿದೆ."

ಅವನು ನನ್ನ ಮುಖ ನೋಡಿದ. "ಹೌದ" ಎಂದ. "ಇಂಗ್ಲಿಷಿನ್ಯಾಗ ಇತ್ತಲ್ಲ."

ನನಗೆ ಇಂಗ್ಲಿಷ್ ಅಕ್ಷರ ಕಲಿಸಿದವನು ಅವನು. ಅವನು ಊರಿನಿಂದ ಬಂದ ಮೊದಲ ವರ್ಷ, ಲೋಕಲ್ ಗಾಡಿಯ ಬಾಗಿಲಲ್ಲಿ ನಿಂತು ಕಳವಾ, ಮುಂಬ್ರಾ, ದಿವಾ ಎಂದು ಬೋರ್ಡು ಬಂದ ಹಾಗೆ ಓದಿಸುತ್ತಿದ್ದ. ಹಿಂದಿ ನೋಡಬ್ಯಾಡ, ಕೆಳಗಿಂದು ಓದು ಎನ್ನುತ್ತಿದ್ದ. ಬ್ಯಾಂಕಿನ ಫಾರಂ ತುಂಬಲು ಬೇರೆಯವರನ್ನು ಕೇಳಬಾರದೆಂದು ಇಂಗ್ಲಿಷಿನಲ್ಲಿ ನನ್ನ ಹೆಸರನ್ನೂ ತನ್ನ ಹೆಸರನ್ನೂ ಒಂದು ಹಾಳೆ ತುಂಬ ಬರೆಸಿದ್ದ. ಅವನ ಮುಂದೆ ಕೂತು ಆ ಮಾತು ಹೇಳಿದ್ದೆ. ಅವನ ಹೆಂಡತಿ ಚಹಾ ತಂದಳು. ಕುಡಿದು ಬಂದೆ. ಆಮೇಲೆ ಭಾನುವಾರಗಳಲ್ಲಿ ಅವನು ನನಗೆ ಬರಬೇಡವೆನ್ನಲಿಲ್ಲ. ನಾನು ಹೋದರೆ ಒಂದಷ್ಟು ಹೊತ್ತು ಎದುರು ಕೂತು, ಆಮೇಲೆ ಏನೋ ಕೆಲಸವಿದೆಯೆಂದು ಹೊರಗೆ ಹೋಗುತ್ತಿದ್ದ. ಮೂರು ನಾಲ್ಕು ವಾರದ ಮೇಲೆ ನಾನೇ ಬಿಟ್ಟೆ. ಭಾನುವಾರ ರೂಮಿನಲ್ಲಿ ಮಲಗಿ ಮಷೀನಿನ ಸದ್ದಿಲ್ಲದ ದಿನವನ್ನು ಕಳೆಯುವುದು ನನಗೆ ಕಷ್ಟವಾಗುತ್ತಿತ್ತು. ಓವರ್‌ಟೈಮ್ ಕೇಳಿ ಪಡೆಯುತ್ತಿದ್ದೆ.

ಹಣಕಾಸಿನ ಅಧಿಕಾರಿಯ ಬಳಿ ಹೋಗಿ ಹಾಳೆಯನ್ನು ಹಿಂದಕ್ಕೆ ತರಿಸಲಾಗುತ್ತದೆಯೇ ಎಂದು ಕೇಳಿದೆ.

"ಆಗಲ್ಲ ಇವ್ರೆ. ನಾನು ಕೇಳಿದ್ದೆ ನಿಮ್ಮನ್ನ." ತಲೆ ತಗ್ಗಿಸಿಕೊಂಡರು. "ಕೇಳಬಾರದಿತ್ತು. ನಾನೇ ಬರೀದೆ ಬಿಡಬೇಕಿತ್ತು."

ತಮ್ಮನ ಕೇಸು ನೋಡುತ್ತಿದ್ದ ಕಲ್ಯಾಣದ ವಕೀಲರು ಒಂದು ದಾರಿ ತೋರಿಸಿದರು. ತಮ್ಮ ನನಗೆ ಏನೂ ಹೇಳಿರಲಿಲ್ಲ, ಮೀಟಿಂಗಿನಲ್ಲಿ ನಾನು ಊಹೆಯಿಂದ ಮಾತಾಡಿದೆ ಎಂದು ಟ್ರಸ್ಟಿಗೆ ಬರೆದುಕೊಡಬೇಕು. ಆಗ ಹಸಿರು ಹಾಳೆಗೆ ಬೆಲೆ ಇರುವುದಿಲ್ಲ, ಬೇಗ ಮಾಡಿದರೆ ಪೊಲೀಸರ ಹಂತದಲ್ಲೇ ಬಿಡಿಸಬಹುದು. ಆದರೆ ಸುಳ್ಳು ಮಾಹಿತಿ ಕೊಟ್ಟ ಟ್ರಸ್ಟಿಯನ್ನು ತೆಗೆದುಹಾಕುತ್ತಾರೆ. ಟ್ರಸ್ಟಿನ ಚುನಾವಣೆ ಎರಡು ತಿಂಗಳು ದೂರವಿತ್ತು. ಗೆದ್ದ ಮೇಲೆ ಕೊಟ್ಟರಾಯಿತು, ಆಗ ನನ್ನ ಮಾತಿಗೆ ತೂಕವೂ ಇರುತ್ತದೆ ಎಂದುಕೊಂಡೆ. ವಕೀಲರಿಗೆ "ನೋಡೂಣ್ರಿ" ಎಂದೆ.

ಚುನಾವಣೆಯಲ್ಲಿ ಸೋತೆ. ನಮ್ಮ ಕಡೆಯವರೇ ವೋಟು ಹಾಕಲಿಲ್ಲ. ಸ್ವಂತ ತಮ್ಮನನ್ನು ಜೇಲಿಗೆ ಹಾಕಿಸಿದವನು ನಮಗೇನು ಮಾಡುತ್ತಾನೆ ಎಂದು ಕ್ಯಾಂಟೀನಿನಲ್ಲಿ ನನಗೆ ಕೇಳುವಂತೆಯೇ ಆಡಿಕೊಂಡರು. ಮರುದಿನ ಪತ್ರ ಬರೆದುಕೊಟ್ಟೆ. ಅಷ್ಟರಲ್ಲಿ ಆರೋಪಪಟ್ಟಿ ಕೋರ್ಟಿಗೆ ಹೋಗಿತ್ತು. ಶಾಲೆಯ ಬಸ್ಸಿಗೆ ಬೇರೆ ಡ್ರೈವರ್ ಬಂದಿದ್ದ. ತಮ್ಮ ತುರ್ಭೆಯ ಮಾರ್ಕೆಟಿನಲ್ಲಿ ಚೀಲ ಹೊರಲು ಹೋಗುತ್ತಿದ್ದ.

ಕೇಸು ನಾಲ್ಕು ವರ್ಷ ನಡೆಯಿತು. ಪ್ರತಿ ತಾರೀಖಿಗೂ ರಜೆ ಹಾಕಿ ಕಲ್ಯಾಣಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ತಮ್ಮ ಮುಂದೆ ನಿಂತಿರುತ್ತಿದ್ದ. ಮಾತಾಡಿಸಿದರೆ ಊರಿನ ಸುದ್ದಿ, ಅವ್ವನ ಔಷಧಿ, ಇಷ್ಟೇ. ಆ ಮಧ್ಯೆ ಒಂದು ದಿನ ಗೇಟಿನಲ್ಲಿ ಸಿಕ್ಕ ಹಣಕಾಸಿನ ಅಧಿಕಾರಿ, ಆ ಕೆಮಿಕಲ್ ಕಂಪನಿಯ ಬಾಂಡಿನ ಅವಧಿ ಮುಗಿಯಿತು ಎಂದರು. ಅಸಲು, ಬಡ್ಡಿ ಎಲ್ಲವನ್ನೂ ಹೇಳಿದ ದಿನಕ್ಕೆ ತೀರಿಸಿದ್ದರು. ಕೊಂಡಿದ್ದರೆ ನಮ್ಮ ಒಂದು ರೂಪಾಯಿಯೂ ಹೋಗುತ್ತಿರಲಿಲ್ಲ. "ಆದ್ರೂ ನೀವು ಹೇಳಿದ್ದು ನಿಜಾನೇ ಅಲ್ವಾ" ಎಂದರು. ನಿಜವೇ. ಆ ನಾಲೆಯ ನೀರಿನ ಬಣ್ಣ ಈಗಲೂ ಬದಲಾಗಿಲ್ಲ.

ಕೊನೆಗೆ ತಮ್ಮ ತಾನೇ ತಪ್ಪು ಒಪ್ಪಿಕೊಂಡ. ಓಡಾಡಿ ಸಾಕಾಗಿದೆ ಎಂದನಂತೆ ವಕೀಲರಿಗೆ. ದಂಡ ಕಟ್ಟಿಸಿಕೊಂಡು ಬಿಟ್ಟರು. ಕೋರ್ಟಿನ ಹೊರಗೆ ಅವನು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತ ನಿಂತಿದ್ದ. ಅವನ ಎದುರು ಹೋಗಿ ನಿಂತೆ.

"ಆ ಹಾಳಿ ನಾ ಓದಿದ್ದೆ" ಎಂದೆ. "ಸಹಿ ಮಾಡೂಕಿಂತ ಮೊದಲ ಓದಿದ್ದೆ. ನಿನ್ನ ಹೆಸರ ಬರೀರಿ ಅಂದಾಂವನೂ ನಾನ."

"ಗೊತ್ತದ."

"ಯಾವಾಗ ಗೊತ್ತಾತು?"

"ಅವತ್ತ. ಚಾ ಕುಡದ ಹ್ವಾದೆಲ್ಲ, ಅವತ್ತ." ಚಪ್ಪಲಿ ಮೆಟ್ಟಿಕೊಂಡ. "ಈ ವಾರ ಹೇಳ್ತಿ, ಬರೂ ವಾರ ಹೇಳ್ತಿ ಅಂತ ಕಾಯ್ತಿದ್ದೆ ಅಣ್ಣಾ. ಬಾಗಲಾ ತಗದ ಇಡು ಅಂತ ಇಕಿಗಿ ಹೇಳ್ತಿದ್ದೆ. ಆಮ್ಯಾಲ ನೀ ಬರೂದ ಬಿಟ್ಟಿ."

ಅವನು ನನ್ನ ಭುಜದ ಮೇಲೆ ಕೈಯಿಟ್ಟ. ಚೀಲ ಹೊತ್ತು ಆ ಕೈ ಗಟ್ಟಿಯಾಗಿತ್ತು.

"ಇನ್ನ ತಾರೀಖ ಇಲ್ಲ. ಸುಳ್ಳೇ ರಜಾ ಹಾಕಬ್ಯಾಡ" ಎಂದು ಹೇಳಿ ಸ್ಟೇಷನ್ನಿನ ಕಡೆ ನಡೆದ. ಇಬ್ಬರೂ ಹೋಗಬೇಕಾದದ್ದು ಒಂದೇ ದಾರಿ. ಅವನು ಹೋಗಿ ಗಾಡಿ ಹತ್ತುವಷ್ಟು ಹೊತ್ತು ನಾನು ಅಲ್ಲೇ ನಿಂತಿದ್ದು, ಮುಂದಿನ ಗಾಡಿಗೆ ಹೋದೆ.